ಒಂಬತ್ತು ಉಸಿರಿನ ಮೆಟ್ಟಿಲು

ನಾನು ಒಂದು ಮೆಟ್ಟಿಲನ್ನು ರೂಪಿಸಿಕೊಟ್ಟಿದ್ದೆ. ಅದನ್ನು ನನಗೆ ಒಂದು ಮಾತೂ ತಿಳಿಸದೆ ತೆಗೆದುಹಾಕಿದರು. ಆದ ಅನ್ಯಾಯ ಇಷ್ಟು. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಏಕೆಂದರೆ ಮುಂದೆ ನಾನು ಹೇಳಬೇಕಾಗಿರುವುದರಲ್ಲಿ ಹೆಚ್ಚಿನದು ಬೆರಗಿನ ಸಂಗತಿ. ಬೆರಗಿನ ಭರದಲ್ಲಿ ಈ ಮುದುಕ ಅನ್ಯಾಯವನ್ನು ಮರೆತನೆಂದು ಯಾರೂ ಸಮಾಧಾನ ಪಟ್ಟುಕೊಳ್ಳಬಾರದು.

ಆ ಮೆಟ್ಟಿಲು ಕಲ್ಲಿನದಲ್ಲ, ಮರದ್ದೂ ಅಲ್ಲ. ಕಂಪ್ಯೂಟರಿನಲ್ಲಿ ಆಡುವ ಒಂದು ಆಟದೊಳಗೆ, ಯಾವ ದೇಶದಲ್ಲೂ ಇಲ್ಲದ ಒಂದು ಧರ್ಮದ, ಯಾವ ಊರಿನಲ್ಲೂ ಇಲ್ಲದ ಒಂದು ಗುಡಿಯ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಅದು. ಇಷ್ಟಕ್ಕೆ ಇಷ್ಟು ಸಿಟ್ಟೇ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೆ ಓದಬೇಕು.

ನಾನು ಮುಂಬಯಿಯ ರೈಲ್ವೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವನು. ಸ್ಟೇಷನ್ನುಗಳ ಪಾದಚಾರಿ ಸೇತುವೆಯ ಮೆಟ್ಟಿಲುಗಳು ನನ್ನ ಮೇಜಿನ ಕೆಲಸ. ಲೋಕಲ್ ರೈಲು ಹಿಡಿಯಲು ಓಡುವ ಜನ ಮೆಟ್ಟಿಲನ್ನು ಕಣ್ಣಿನಿಂದ ನೋಡುವುದಿಲ್ಲ, ಕಾಲಿನಿಂದ ಓದುತ್ತಾರೆ. ಹತ್ತು ಮೆಟ್ಟಿಲು ಒಂದೇ ಎತ್ತರವಿದ್ದು ಹನ್ನೊಂದನೆಯದು ಅರ್ಧ ಇಂಚು ಹೆಚ್ಚಾಯಿತೆಂದರೆ ದಿನವಿಡೀ ಜನ ಅಲ್ಲೇ ಎಡವುತ್ತಾರೆ. ಹಾಗೆ ಎಡವಿಸಿದ ಒಂದು ಮೆಟ್ಟಿಲಿಗೆ, ಅದು ನನ್ನ ನಕ್ಷೆಯದಲ್ಲದಿದ್ದರೂ, ನನ್ನ ಮೇಲಧಿಕಾರಿ ಹನ್ನೆರಡು ಜನರ ಎದುರಿಗೆ ನನ್ನನ್ನು ಹೊಣೆ ಮಾಡಿದ್ದರು. ಆ ಹನ್ನೆರಡು ಜನ ಯಾರು, ಅವರಲ್ಲಿ ನಕ್ಕವರು ಯಾರು ಎಂಬುದು ನನಗೆ ಇಂದಿಗೂ ನೆನಪಿದೆ.

ಸಯನ್ನಿನ ನಮ್ಮ ಫ್ಲ್ಯಾಟಿಗೆ ನನ್ನ ತಂಗಿಯ ಮೊಮ್ಮಗಳು ಬಂದು ಉಳಿದದ್ದು ಅಂಧೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದಾಗ. ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕಂಪನಿ. ಆಟದೊಳಗಿನ ಲೋಕಗಳಿಗೆ ಕಥೆ, ಊರು, ಆಚಾರ ವಿಚಾರಗಳನ್ನು ಬರೆಯುವುದು ಅವಳ ಪಾಲಿನ ಕೆಲಸ. ಇಂತಹದೊಂದು ಉದ್ಯೋಗವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ನಾನು ಪತ್ರಿಕೆ ಮಡಿಸುತ್ತಿದ್ದಾಗ ಅವಳು ಲ್ಯಾಪ್‌ಟಾಪನ್ನು ನನ್ನ ಮೊಣಕಾಲಿನ ಮೇಲೆ ಇಟ್ಟಳು.

"ತಾತ, ಒಂದು ಧರ್ಮ ಎಕ್‌ದಮ್ ಹಳೇದು ಅಂತ ಹೇಗೆ ಗೊತ್ತಾಗತ್ತೆ? ಮತ್ಲಬ್, ನೋಡಿದ ಕೂಡಲೇ ಅನ್ನಿಸ್ಬೇಕು ನಾ, ಇದು ತುಂಬಾ ಪುರಾನಾ ಅಂತ."

ಪರದೆಯ ಮೇಲೆ ಒಂದು ಗುಡಿ ಇತ್ತು. ನೂರು ಕಂಬ, ಮುಗಿಲು ಮುಟ್ಟುವ ಗೋಪುರ, ನಾಲ್ಕು ಕಣ್ಣುಗಳಿಂದ ಬೆಂಕಿ ಕಾರುವ ಮೂರ್ತಿ, ಕಪ್ಪು ನಿಲುವಂಗಿಯ ಪೂಜಾರಿಗಳ ಸಾಲು. ಹೋಲಿಸಿ ನೋಡಲೆಂದು ಬೇರೆ ಬೇರೆ ಆಟಗಳ, ಬೇರೆ ಬೇರೆ ಕಲ್ಪಿತ ಕಥೆಗಳ ಇನ್ನೂ ಹತ್ತು ಧರ್ಮಗಳನ್ನು ಅವಳು ತೋರಿಸಿದಳು. ಒಂದರಲ್ಲಿ ಸೂರ್ಯನಿಗೂ ಚಂದ್ರನಿಗೂ ಯುದ್ಧ. ಒಂದರಲ್ಲಿ ಭಕ್ತಿಗೆ ಅಂಕಗಳು. ಇನ್ನೊಂದರಲ್ಲಿ ದೇವರು ಒಂದು ಯಂತ್ರ. ನಾನು ಕನ್ನಡಕ ಒರೆಸಿಕೊಂಡು ಎಲ್ಲವನ್ನೂ ನೋಡಿದೆ.

"ಇಲ್ಲಿ ಚಪ್ಪಲಿ ಎಲ್ಲಿ ಬಿಡುತ್ತಾರೆ?" ಎಂದೆ.

ಅವಳು ನಕ್ಕಳು. "ತಾತ, ಇದು ಗೇಮ್."

"ಇರಲಿ. ಗುಡಿಸುವವರು ಯಾರು? ಈ ನೂರು ದೀಪಕ್ಕೆ ಎಣ್ಣೆ ತರುವವರು ಯಾರು? ಮೊಣಕಾಲು ನೋವಿನ ಮುದುಕಿ ಬಂದರೆ ಎಲ್ಲಿ ಕೂರುತ್ತಾಳೆ? ಮಂತ್ರ ಮರೆತುಹೋದರೆ ಆ ಕಪ್ಪು ಅಂಗಿಯವನು ಏನು ಮಾಡುತ್ತಾನೆ?"

"ಮರೆತರೆ? ಮರೆಯಲ್ಲ. ನಾವೇ ಬರೆದಿರೋದಲ್ವಾ?"

"ಹಾಗಾದರೆ ಅದು ಹಳೆಯದಲ್ಲ" ಎಂದೆ. "ನೀವು ದೇವರನ್ನು ಮಾಡಿದ್ದೀರಿ, ಭಕ್ತರನ್ನು ಮಾಡಿಲ್ಲ. ಭಕ್ತರೆಂದರೆ ತಪ್ಪು ಮಾಡುವವರು. ತಪ್ಪಿಗೆ ಜಾಗವಿಲ್ಲದ್ದು ಧರ್ಮವಲ್ಲ, ನಾಟಕದ ಪರದೆ."

ಅವಳು ನಗುವುದನ್ನು ನಿಲ್ಲಿಸಿ ಫೋನಿನಲ್ಲಿ ಏನನ್ನೋ ಬರೆದುಕೊಂಡಳು. ನನ್ನ ಮಾತನ್ನು ಯಾರಾದರೂ ಬರೆದುಕೊಂಡು ಬಹಳ ವರ್ಷಗಳಾಗಿದ್ದವು.

ಆ ಮಾತು ನನ್ನ ಸ್ವಂತದ್ದಲ್ಲ. ಎಲ್ಲಿಂದ ಬಂತೆಂಬುದನ್ನು ಹೇಳದೆ ಮುಂದಕ್ಕೆ ಹೋಗುವುದು ಪ್ರಾಮಾಣಿಕತೆಯಾಗುವುದಿಲ್ಲ.

ಮಾಟುಂಗದಲ್ಲಿ ನಮ್ಮದೊಂದು ಕನ್ನಡ ಸಂಘವಿದೆ. ವರ್ಷಕ್ಕೊಮ್ಮೆ ಅಲ್ಲಿ ಸತ್ಯನಾರಾಯಣ ಪೂಜೆ. ಇಪ್ಪತ್ತು ವರ್ಷಗಳ ಹಿಂದೆ ಅದರ ಏರ್ಪಾಡು ನನ್ನದಾಗಿತ್ತು. ಪೂಜೆಗೆ ಬರುತ್ತಿದ್ದವರು ಕುರ್ಲಾದಲ್ಲಿ ಸಾಲುಮನೆಗಳ ಚಾಳೊಂದರಲ್ಲಿದ್ದ ವೃದ್ಧ ಪುರೋಹಿತರು, ಧಾರವಾಡದ ಕಡೆಯವರು. ಪೂಜೆಯ ಆರಂಭದಲ್ಲಿ ಸಂಕಲ್ಪವೆಂದು ಮಾಡುತ್ತಾರಲ್ಲ, ಯಾವ ಕಾಲದಲ್ಲಿ, ಯಾವ ನದಿಯ ಯಾವ ದಡದಲ್ಲಿ ಕುಳಿತು ಈ ಪೂಜೆ ಮಾಡುತ್ತಿದ್ದೇವೆಂದು ಹೇಳುವುದು, ಆ ವರ್ಷ ಅದನ್ನು ಹೇಳುವಾಗ ಅವರ ಬಾಯಿಂದ ತಮ್ಮ ಊರಿನ ಹೊಳೆ ಬಂದುಬಿಟ್ಟಿತು. ಮಾಟುಂಗದ ಸಭಾಂಗಣದಲ್ಲಿ, ಫ್ಯಾನಿನ ಕೆಳಗೆ ಕುಳಿತು, ಮಲಪ್ರಭೆಯ ದಡದಲ್ಲಿದ್ದೇವೆ ಎಂದರು.

ನಾನು ಸುಮ್ಮನಿರಬಹುದಿತ್ತು. ಮೈಕ್ ಹತ್ತಿರವೇ ನಿಂತಿದ್ದೆ. "ಭಟ್ಟರೇ, ನಾವು ಕುಳಿತಿರುವುದು ಮಾಟುಂಗದಲ್ಲಿ. ಇಲ್ಲಿ ಮಲಪ್ರಭೆ ಎಲ್ಲಿಂದ ಬಂತು?" ಎಂದೆ. ಸಭಾಂಗಣದಲ್ಲಿ ಎಲ್ಲರೂ ನಕ್ಕರು. ಹಿಂದಿನ ಸಾಲಿನವರು ಮುಂದಿನವರನ್ನು ಏನಾಯಿತೆಂದು ಕೇಳಿ ಎರಡನೆಯ ಸಲ ನಕ್ಕರು. ವೃದ್ಧರು ತಲೆಯೆತ್ತಲಿಲ್ಲ. ಸಂಕಲ್ಪವನ್ನು ಮೊದಲಿನಿಂದ ಸರಿಯಾಗಿ ಹೇಳಿದರು; ಪೂಜೆ ಮುಗಿಸಿದರು; ಕೊನೆಗೆ, ಮಾಡಿದ್ದರಲ್ಲಿ ಏನು ಕೊರತೆಯಾಗಿದ್ದರೂ ತುಂಬಿಕೋ ಎಂದು ಒಂದು ಉದ್ಧರಣೆ ನೀರನ್ನು ತಟ್ಟೆಗೆ ಬಿಟ್ಟರು.

ಕೈ ಒರೆಸಿಕೊಳ್ಳುತ್ತ ನನ್ನ ಬಳಿಗೆ ಬಂದು ಹೇಳಿದರು: "ಖರೇ ಅದರಿ, ತಪ್ಪಾತು. ಸಣ್ಣಾಂವ ಇದ್ದಾಗಿಂದ ಅದನ್ನ ಹೇಳಿದ ನಾಲಿಗಿ. ಅದಕ್ಕಂತನ ಕಡೀಕ ಒಂದು ಉದ್ಧರಣಿ ನೀರು ಬಿಡೂದು ಇಟ್ಟಾರ್ರಿ ಹಿರ್ಯಾರು. ಬಿಟ್ಟೀನಲ್ರಿ, ಮುಗೀತು."

ಅವರಿಗೆ ಮುಗಿದಿತ್ತು. ನಾನು ಮುಗಿಸಲಿಲ್ಲ. ಸಂಘದ ನಡಾವಳಿ ಪುಸ್ತಕದಲ್ಲಿ "ಪುರೋಹಿತರಿಂದ ಸಂಕಲ್ಪದಲ್ಲಿ ದೋಷ" ಎಂದು ಚೊಕ್ಕ ಅಕ್ಷರದಲ್ಲಿ ಬರೆದೆ. ಮರುವರ್ಷ ಸಮಿತಿಯವರು ಬೇರೆಯವರನ್ನು ಕರೆಸಿದರು. ಆಮೇಲೊಂದು ದಿನ, ಮನಸ್ಸು ತಡೆಯದೆ, ಕುರ್ಲಾದಲ್ಲಿ ಇಳಿದು ಆ ಚಾಳನ್ನು ಹುಡುಕಿಕೊಂಡು ಹೋದೆ. ಪಕ್ಕದ ಮನೆಯಾಕೆ ಬಟ್ಟೆ ಒಣಗಿಸುತ್ತಿದ್ದವಳು, "ಅಜ್ಜಾರು ತೀರಿಕೊಂಡು ವರ್ಷ ಆತ್ರಿ. ನೀವು ಯಾರ್ರಿ?" ಎಂದಳು. ನಾನು ತಿರುಗಿ ಬಂದೆ. ನನಗೆ ಬೇರೆಯವರು ಮಾಡಿದ ಅವಮಾನಗಳನ್ನೆಲ್ಲ ದಿನ, ಜಾಗ ಸಮೇತ ಹೇಳಬಲ್ಲೆ. ನಾನು ಮಾಡಿದ ಇದೊಂದನ್ನು ಯಾರಿಗೂ ಹೇಳಿರಲಿಲ್ಲ.

ಆದ್ದರಿಂದ ಹುಡುಗಿ ಕೇಳಿದಾಗ ಒಂದು ಧರ್ಮವನ್ನೇ ಕಟ್ಟಿಕೊಟ್ಟೆ. ಆಟದ ಲೋಕ ಅವಳದು: ಮುಳುಗಿಹೋದ ಒಂದು ನಗರ, ದೀಪ ಹಿಡಿದು ಅದರೊಳಗೆ ಇಳಿಯುವ ಜನ. ಬೇರೆ ಬೇರೆ ದೇಶಗಳಲ್ಲಿ ಕುಳಿತವರು ಏಕಕಾಲಕ್ಕೆ ಅದೇ ನಗರದಲ್ಲಿ ಓಡಾಡಬಹುದು. ನಾನು ಹೇಳಿದ್ದು ಇಷ್ಟು. ನಗರ ಮುಳುಗಿದ ದಿನ ಇವರು ತಮ್ಮ ದೇವರ ಹೆಸರನ್ನು ಮರೆತರು. ಮರೆತಿದ್ದೇವೆಂಬುದು ಮಾತ್ರ ನೆನಪಿದೆ. ಪ್ರಾರ್ಥನೆಯಲ್ಲಿ ಹೆಸರು ಬರಬೇಕಾದ ಕಡೆ ಒಂದು ಉಸಿರಿನಷ್ಟು ಸುಮ್ಮನಾಗುತ್ತಾರೆ. ಹೆಸರು ನನಗೆ ಗೊತ್ತು ಎನ್ನುವವನನ್ನು ಹೊರಗೆ ಕಳಿಸುತ್ತಾರೆ. ಗುಡಿಯಲ್ಲಿ ಅತ್ಯಂತ ದೊಡ್ಡ ಪದವಿ ಗುಡಿಸುವವರದು. ಪೂಜೆ ಮುಗಿಸಿ ಇಳಿದ ಮೇಲೆ ಪ್ರತಿಯೊಬ್ಬರೂ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಒಂದು ಬೊಗಸೆ ನೀರು ಬಿಟ್ಟು, ಒಂಬತ್ತು ಉಸಿರಿನಷ್ಟು ಹೊತ್ತು ನಿಲ್ಲಬೇಕು. ತಪ್ಪು ಯಾವುದೆಂದು ಹೇಳಬೇಕಾಗಿಲ್ಲ. ಕೇಳುವವರೂ ಇಲ್ಲ.

ಒಂಬತ್ತು ಏಕೆಂದು ಅವಳು ಕೇಳಿದಳು. ಅಡುಗೆಮನೆಯಲ್ಲಿ ಗೋಡೆ ಗಡಿಯಾರ ನೋಡಿಕೊಂಡು ನಾನೇ ಪರೀಕ್ಷಿಸಿದ್ದೆ. ಏಳು ಉಸಿರಿಗೆ ಮನಸ್ಸು ಇನ್ನೂ ಹೊರಗೇ ಇರುತ್ತದೆ; ಹನ್ನೊಂದಕ್ಕೆ ಮೊಣಕಾಲಿಗೆ ಬರುತ್ತದೆ. ಟ್ರೇಸಿಂಗ್ ಹಾಳೆಯ ಮೇಲೆ ನಕ್ಷೆಯನ್ನೂ ಬರೆದುಕೊಟ್ಟೆ. ಎತ್ತರ ಐದೂವರೆ ಇಂಚು. ಅಗಲ ಬೇರೆ ಮೆಟ್ಟಿಲುಗಳ ಎರಡರಷ್ಟು, ಅವಸರದವರು ನಿಂತವರನ್ನು ತಳ್ಳದೆ ದಾಟಿಹೋಗಲು.

ಅವಳ ಕಂಪನಿಯ ಮುಖ್ಯಸ್ಥ ಮೂವತ್ತರ ಆಸುಪಾಸಿನ ಯುವಕ. ಅವನ ತಂದೆ ತಾಯಿ ಕರಾವಳಿಯಿಂದ ಬಂದು ಮಾಟುಂಗದಲ್ಲಿ ನೆಲೆಸಿದವರು. ಅವಳ ಫೋನಿನಲ್ಲಿ ಮುಖ ತೋರಿಸಿ ನನ್ನೊಡನೆ ಮಾತಾಡಿದ.

"ಅಂಕಲ್, ಸೂಪರ್ ಉಂಟು. ಆದ್ರೆ ಅಲ್ಲಿ ನಿಂತ್ರೆ ಪ್ಲೇಯರ್‌ಗೆ ಸಿಗೋದೇನು?"

"ಏನೂ ಇಲ್ಲ."

"ಸ್ವಲ್ಪ ಶಕ್ತಿ? ಥೋಡಾ ಪಾಯಿಂಟ್ಸ್?"

"ಸಿಕ್ಕಿದರೆ ಅದು ಅಂಗಡಿಯಾಗುತ್ತದೆ."

ಅವನು ಪಕ್ಕದವರ ಕಡೆ ತಿರುಗಿ, "ಇರ್ಲಿ ಮಾರಾಯ್ರೆ, ಒಂದು ಮೆಟ್ಟಿಲು ತಾನೆ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಟದ ಕೊನೆಗೆ ಹಾಕುವ ಹೆಸರುಗಳ ಪಟ್ಟಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನರ ಪೂರ್ಣ ಹೆಸರು ಹಾಕಿ, ಕಟ್ಟಕಡೆಗೆ ನನ್ನನ್ನು "ತಾತ" ಎಂದಷ್ಟೇ ಹಾಕಿದರು. ಅದನ್ನೂ ನಾನು ಮರೆತಿಲ್ಲ.

ಆಟ ಹೊರಬಂತು. ಕೆಲವು ತಿಂಗಳು ನಾನು ಅದರ ಸುದ್ದಿಗೆ ಹೋಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹುಡುಗಿ ತನ್ನ ಕೋಣೆಯಿಂದ ಕರೆದಳು. "ತಾತ, ಬೇಗ ಬಾ. ಏನೂ ಮಾತಾಡ್ಬೇಡ, ಸುಮ್ನೆ ನೋಡು."

ಪರದೆಯ ಮೇಲೆ ನನ್ನ ಮೆಟ್ಟಿಲು. ನೀಲಿ ನೀರಿನ ಮಬ್ಬು ಬೆಳಕು. ಮೆಟ್ಟಿಲಿನ ಮೇಲೆ ಇಬ್ಬರು ನಿಂತಿದ್ದರು. ಅವರ ಹಿಂದೆ, ನೆಲದ ಮೇಲೆ, ಆ ಮೆಟ್ಟಿಲಿಗಾಗಿಯೇ ಬಂದವರ ಸಾಲು. ನಾನು ಎಣಿಸಿದೆ: ನಲವತ್ತೊಂದು. ಯಾರೂ ಅಲುಗಾಡುತ್ತಿರಲಿಲ್ಲ. ಒಬ್ಬರು ಇಳಿದರೆ ಒಬ್ಬರು ಹತ್ತುತ್ತಿದ್ದರು. ದೀಪ ಕೆಳಗಿಟ್ಟು, ನೀರು ಬಿಟ್ಟು, ನಿಲ್ಲುತ್ತಿದ್ದರು.

"ಇವರೆಲ್ಲ ನೀವೇ ಮಾಡಿದ ಗೊಂಬೆಗಳೋ?"

"ಅಲ್ಲ ತಾತ. ಎಲ್ರೂ ಅಸಲೀ ಜನ. ಎಲ್ಲೆಲ್ಲಿಂದಲೋ ಆಡ್ತಿರೋರು."

ಆಗ ನನ್ನ ಗಮನಕ್ಕೆ ಬಂದದ್ದು ದೀಪಗಳು. ಎಲ್ಲರೂ ದೀಪವನ್ನು ತಮ್ಮ ಎಡಗಡೆಯೇ ಇಡುತ್ತಿದ್ದರು. ನಾನು ಹಾಗೆ ಬರೆದಿರಲಿಲ್ಲ. ನಿಂತವರ ಮುಂದೆ ಯಾರೂ ಹಾಯುತ್ತಿರಲಿಲ್ಲ. ಮೆಟ್ಟಿಲಿನ ಬಲ ತುದಿಯನ್ನು ಬಳಸಿಕೊಂಡು ಹೋಗುತ್ತಿದ್ದರು. ಅದನ್ನೂ ನಾನು ಬರೆದಿರಲಿಲ್ಲ.

"ದೀಪ ಎಡಕ್ಕೆ ಏಕೆ?"

"ನಾನೂ ಅವ್ರನ್ನ ಕೇಳ್ದೆ. 'ಮೊದಲಿಂದಲೂ ಹಾಗೇ' ಅಂತಾರೆ."

"ಮೊದಲಿಂದ ಎಂದರೆ?"

"ಈ ಸಲದ ಹೋಳಿ ಆದ್ಮೇಲಿಂದ."

ಅಷ್ಟರಲ್ಲಿ ಹೊಸಬನೊಬ್ಬ ಎಲ್ಲಿಂದಲೋ ನೆಗೆಯುತ್ತ ಬಂದ. ಸಾಲನ್ನು ಬಿಟ್ಟು ನೇರ ಮೆಟ್ಟಿಲಿಗೆ ಹಾರಿ, ನಿಂತಿದ್ದವರಿಗೆ ಡಿಕ್ಕಿ ಹೊಡೆದ. ನಾನಾಗಿದ್ದರೆ ಬೈಯುತ್ತಿದ್ದೆ. ಯಾರೂ ಬೈಯಲಿಲ್ಲ. ಸಾಲಿನಲ್ಲಿದ್ದ ಒಬ್ಬರು ಹೊರಗೆ ಬಂದು, ತಮ್ಮ ದೀಪವನ್ನು ಎಡಕ್ಕಿಟ್ಟು, ಎತ್ತಿ, ಮತ್ತೆ ಇಟ್ಟು ತೋರಿಸಿದರು. ಹೊಸಬ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಸಾಲಿನ ಕೊನೆಗೆ ನಡೆದುಹೋದ. ಓಡಲಿಲ್ಲ, ನಡೆದ. ತನ್ನ ಸರದಿ ಬಂದಾಗ ಅವನು ನಿಂತದ್ದನ್ನು ನಾನು ನನ್ನ ಉಸಿರಿನಿಂದ ಅಳೆದೆ, ಹದಿನೆಂಟು ಆಯಿತು.

ಆಚಾರವೆಂದರೆ ಯಾವುದೋ ಕಾಲದಿಂದ ಇಳಿದುಬಂದದ್ದು, ಅದರ ಮೂಲ ಮಬ್ಬಿನಲ್ಲಿದೆ ಎಂದೇ ನಾನು ಎಪ್ಪತ್ತು ವರ್ಷ ನಂಬಿದವನು. ಇದರ ಮೂಲ ನನ್ನ ಅಡುಗೆಮನೆಯಲ್ಲಿತ್ತು. ಮೂಲಪುರುಷ ಯಾರೆಂದು ನನಗೆ ಗೊತ್ತಿತ್ತು, ಅವನ ಯೋಗ್ಯತೆಯೂ ಗೊತ್ತಿತ್ತು. ಆದರೂ ಅಲ್ಲಿ, ಆ ನೀಲಿ ಬೆಳಕಿನಲ್ಲಿ, ನಾನು ಇಡದಿದ್ದ ಏನೋ ಬಂದು ನಿಂತಿತ್ತು. ಸ್ವಲ್ಪ ಹೊತ್ತಿನ ನಂತರ ಹುಡುಗಿ ನನ್ನ ಕಾಲಿನ ಕಡೆ ನೋಡುತ್ತಿರುವುದು ಕಾಣಿಸಿತು. ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಯನ್ನು ನಾನು ಯಾವಾಗಲೋ ಬಿಟ್ಟು, ಬರಿಗಾಲಿನಲ್ಲಿ ನಿಂತಿದ್ದೆ.

ಆಡುವವರು ಕಂಪನಿಗೆ ಬರೆದ ಕೆಲವು ಕಾಗದಗಳನ್ನು ಅವಳು ಕನ್ನಡ ಮಾಡಿ ಹೇಳಿದಳು. ಅವುಗಳಲ್ಲಿ ಒಂದು ಆಸ್ಪತ್ರೆಯ ದಾದಿಯದು. ಒಂದು ದಿನ ಒಬ್ಬ ರೋಗಿಯ ಬಳಿಗೆ ಹೋಗುವುದು ತನಗೆ ತಡವಾಯಿತೆಂದು ಆಕೆ ಬರೆದಿದ್ದಳು. ಯಾರೂ ತನ್ನನ್ನು ದೂರಲಿಲ್ಲ, ಅದರಿಂದಲೇ ಅದು ತನ್ನೊಳಗೆ ಮುಗಿಯಲಿಲ್ಲ. "ದಿನಾ ಕೆಲಸ ಮುಗಿಸಿ ಬಂದು ಈ ಮೆಟ್ಟಿಲಲ್ಲಿ ನಿಲ್ತೀನಿ. ಇದನ್ನ ಕಟ್ಟಿದವ್ರು ಯಾರೋ ಗೊತ್ತಿಲ್ಲ. ಅವ್ರಿಗೂ ಏನೋ ಒಂದು ಇದ್ದಿರ್ಬೇಕು" ಎಂದು ಹುಡುಗಿ ಓದಿ, ನನ್ನ ಮುಖ ನೋಡಿದಳು. "ಇತ್ತಾ, ತಾತ?"

ಅವಳಿಗೆ ಪುರೋಹಿತರ ಸಂಗತಿಯನ್ನು ಹೇಳಿದೆ. ಮೊದಲ ಸಲ ಒಬ್ಬರಿಗೆ ಹೇಳಿದ್ದು. ಅವಳು ನನ್ನ ಕೈಯನ್ನು ಹಿಡಿದು ಆಟದ ಗುಂಡಿಗಳ ಮೇಲೆ ಇಟ್ಟು, ಬೆರಳುಗಳನ್ನು ತಾನೇ ಒತ್ತುತ್ತ, ನನ್ನನ್ನು ಸಾಲಿನ ಕೊನೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ನನ್ನ ಸರದಿ ಬರಲು ಬಹಳ ಹೊತ್ತು ಹಿಡಿಯಿತು. ಯಾರೂ ನಗಲಿಲ್ಲ. ದೀಪವನ್ನು ಎಡಕ್ಕೇ ಇಟ್ಟೆ. ಆ ದಿನದಿಂದ ಪ್ರತಿ ಶನಿವಾರ ಅಲ್ಲಿ ನಿಲ್ಲುವುದು ನನ್ನ ನೇಮವಾಯಿತು.

ಐದನೆಯ ತಿಂಗಳು, ಒಂದು ಶನಿವಾರ, ಮೆಟ್ಟಿಲು ಇರಲಿಲ್ಲ. ಅದಿದ್ದ ಕಡೆ ಬರಿಯ ನೆಲ, ಹಿಂದೆ ನುಣುಪಾದ ಗೋಡೆ, ಗೋಡೆಯ ಮೇಲೆ ಹೊಳೆಯುವ ಒಂದು ಗುಂಡಿ. ಒತ್ತಿದರೆ ಗಂಟೆ ಬಾರಿಸಿ ಆಟಗಾರನಿಗೆ ಹತ್ತು ನಿಮಿಷ ದುಪ್ಪಟ್ಟು ಬಲ ಬರುತ್ತಿತ್ತು. ಹುಡುಗಿಗೂ ಹಿಂದಿನ ದಿನವಷ್ಟೇ ತಿಳಿದಿತ್ತು. ನನಗೆ ಹೇಳುವ ಧೈರ್ಯ ಅವಳಿಗಾಗಿರಲಿಲ್ಲ. ನಾನು ಕಂಪನಿಗೆ ಎರಡು ಪುಟದ ಕಾಗದ ಬರೆದೆ. "ಪ್ರಿಯ ಬಳಕೆದಾರರೇ, ನಿಮ್ಮ ಅನಿಸಿಕೆಗೆ ಧನ್ಯವಾದ" ಎಂಬ ಅಚ್ಚಿನ ಉತ್ತರ ಬಂತು. ನಾನು ಅವರ ಬಳಕೆದಾರನೇ?

ಬಸ್ಸು, ಲೋಕಲ್, ರಿಕ್ಷಾ ಹಿಡಿದು ಅಂಧೇರಿಗೆ ನಾನೇ ಹೋದೆ. ಐವತ್ತು ನಿಮಿಷ ಕಾಯಿಸಿದ ಮೇಲೆ ಮುಖ್ಯಸ್ಥ ಬಂದ. ನನ್ನ ಕಾಲಿಗೆ ನಮಸ್ಕರಿಸಿದ. ಅದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

"ಅಂಕಲ್, ಬೇಜಾರು ಮಾಡ್ಬೇಡಿ. ಜನ ಅಲ್ಲಿ ಸುಮ್ನೆ ನಿಂತೇ ಇರ್ತಾರೆ. ಟೈಮ್ ವೇಸ್ಟ್ ಅಲ್ವಾ? ಹೊಸಬ್ರಿಗೆ ಆಟ ನಿಂತುಹೋಗಿದೆ ಅಂತ ಅನ್ನಿಸ್ತದೆ."

"ನಿಂತಿತ್ತು. ಅದಕ್ಕೇ ಬರುತ್ತಿದ್ದರು."

"ಬಟ್ ಅಂಕಲ್, ನಿಂತು ಏನು ಮಾಡ್ತಾರೆ?"

ಇದಕ್ಕೆ ಉತ್ತರ ಹೇಳಲು ನನಗೆ ಕುರ್ಲಾದ ಚಾಳಿನಿಂದ ಆರಂಭಿಸಬೇಕಾಗಿತ್ತು. ಅವನು ಗಡಿಯಾರ ನೋಡುತ್ತಿದ್ದ. ಬೀಳ್ಕೊಡುವಾಗ ಒಂದು ಪೊಟ್ಟಣ ಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಕಾಫಿ ಕುಡಿಯುವ ಮಗ್ಗು. ಅದರ ಮೇಲೆ ನನ್ನ ಮೆಟ್ಟಿಲಿನ ಚಿತ್ರ. ಎತ್ತರವನ್ನು ತಪ್ಪಾಗಿ ಬರೆದಿದ್ದರು.

ಎರಡು ಶನಿವಾರ ನಾನು ಆ ಕಡೆ ಹೋಗಲಿಲ್ಲ. ಮೂರನೆಯ ಶನಿವಾರ ಹುಡುಗಿ ಕರೆದಳು. ಮೊದಲ ಸಲ ಕರೆದ ಹಾಗೆಯೇ, ಮಾತಾಡಬೇಡ ಎಂದು.

ಗೋಡೆಯ ಮುಂದೆ ಸಾಲು ಇತ್ತು. ಗುಂಡಿಯನ್ನು ಯಾರೂ ಒತ್ತುತ್ತಿರಲಿಲ್ಲ. ಮೆಟ್ಟಿಲು ಇದ್ದ ಜಾಗದಲ್ಲಿ, ಬರಿಯ ನೆಲದ ಮೇಲೆ, ಇಬ್ಬರಿಬ್ಬರಾಗಿ ಬಂದು ನಿಲ್ಲುತ್ತಿದ್ದರು. ದೀಪ ಎಡಕ್ಕೆ. ದಾಟುವವರು ಈಗಲೂ, ಇಲ್ಲದ ಮೆಟ್ಟಿಲಿನ ಬಲ ತುದಿಯನ್ನು ಬಳಸಿಕೊಂಡೇ ದಾಟುತ್ತಿದ್ದರು. ಒಬ್ಬರು ಅಲ್ಲಿ ನಿಲ್ಲುವ ಮುನ್ನ ಒಂದು ಸಣ್ಣ ನೆಗೆತ ನೆಗೆದರು. ಸರಿಯಾಗಿ ಐದೂವರೆ ಇಂಚು ಎತ್ತರಕ್ಕೆ ಕಾಲಿಡುವವರ ಹಾಗೆ.

ಕಾಲು ಓದಿದ್ದನ್ನು ಕಾಲು ಮರೆಯುವುದಿಲ್ಲ ಎಂದು ನಕ್ಷೆಯ ಮೇಜಿನಲ್ಲಿ ಕಲಿತಿದ್ದೆ. ಅದನ್ನು ಎಂದೂ ಹೀಗೆ ಕಂಡಿರಲಿಲ್ಲ. ನೋಡುತ್ತ ನೋಡುತ್ತ ನನಗೆ ಮಾಟುಂಗದ ಸಭಾಂಗಣ, ಫ್ಯಾನು, ತಲೆಯೆತ್ತದ ಆ ವೃದ್ಧರು ಕಣ್ಣಿಗೆ ಬಂದರು. ಮುಂಬಯಿಯಲ್ಲಿ ಜೀವಮಾನ ಕಳೆದ ಮನುಷ್ಯ, ಫರಸಿ ಕಲ್ಲಿನ ನೆಲದ ಮೇಲೆ ಕುಳಿತು, ಮಲಪ್ರಭೆಯ ದಡದಲ್ಲಿದ್ದೇನೆ ಎಂದಿದ್ದರು. ಅವರು ಆ ದಡದಲ್ಲೇ ಇದ್ದರು. ಹೊಳೆ ಅಲ್ಲಿಲ್ಲ ಎಂದು ಮೈಕಿನಲ್ಲಿ ಸಾರಿದವನು ನಾನು.

ಹುಡುಗಿ ನನ್ನ ಬೆರಳುಗಳನ್ನು ಗುಂಡಿಗಳ ಮೇಲೆ ಇಡಲು ಬಂದಳು. ಬೇಡ, ನನಗೀಗ ಬರುತ್ತದೆ ಎಂದೆ. ಸಾಲಿನ ಕೊನೆಗೆ ಹೋಗಿ ನಿಂತೆ. ಮಾರನೆಯ ದಿನ ಸಂಘಕ್ಕೆ ಹೋಗಿ, ಆ ವರ್ಷದ ನಡಾವಳಿ ಪುಸ್ತಕ ತೆಗೆಸಿ, ನನ್ನ ಹಳೆಯ ಸಾಲಿನ ಕೆಳಗೆ "ದೋಷ ಪುರೋಹಿತರದಲ್ಲ, ಬರೆದವನದು" ಎಂದು ಬರೆದು ಸಹಿ ಮಾಡಿದೆ. ಈಗಿನ ಕಾರ್ಯದರ್ಶಿಗಳು ಅದಕ್ಕೆ ಆಕ್ಷೇಪವೆತ್ತಿದ್ದಾರೆ. ಅವರ ಆಕ್ಷೇಪವನ್ನೂ ನಾನು ನೆನಪಿಟ್ಟಿರುತ್ತೇನೆ.

ಇನ್ನು ಮೆಟ್ಟಿಲನ್ನು ತೆಗೆದವರಿಗೆ. ಅದು ಇದ್ದಾಗ ನೀವು ಯಾರೂ ಅಲ್ಲಿ ಒಂದು ಉಸಿರಿನಷ್ಟೂ ನಿಂತವರಲ್ಲವೆಂದು ಹುಡುಗಿಯಿಂದ ತಿಳಿದಿದ್ದೇನೆ. ಬರಿಯ ನೆಲದ ಮೇಲೆ ನಿಂತಿರುವ ಆ ಜನ ಅದರ ಎತ್ತರವನ್ನು ತಮ್ಮ ಕಾಲಿನಲ್ಲಿ ಉಳಿಸಿಕೊಂಡಿದ್ದಾರೆ. ಅವರಿಗೆ ನೀವು ಏನನ್ನೂ ಮರಳಿ ಕೊಡಬೇಕಾಗಿಲ್ಲ. ಆದರೆ ಮಾಡಿದ್ದು ತಪ್ಪೆಂದು ನಿಮಗೇ ಹೊಳೆಯುವ ದಿನ ಬಂದಾಗ, ನೀವು ಎಲ್ಲಿ ಹೋಗಿ ನಿಲ್ಲುತ್ತೀರಿ?